ಪ್ರಾಥಮಿಕ ತರಗತಿಯಲ್ಲಿ ಒಂದು ವಾರ: ಚಟುವಟಿಕೆಯೂ ಕಲಿಕೆಯೂ

ನಮ್ಮ ವಿದ್ಯಾಸಂಸ್ಥೆಯ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿ ಸೇವೆ ಸಲ್ಲಿಸುತ್ತಿರುವ ನನ್ನನ್ನು ಬಹುಕಾಲದಿಂದ ಒಂದು ಪ್ರಶ್ನೆ ಬಾಧಿಸುತ್ತಿದೆ. ಸುತ್ತಲಿನ ಗ್ರಾಮಗಳಿಂದ ಎಂಟನೆಯ ತರಗತಿಗೆ ಬಂದು ಸೇರುವ ಮಕ್ಕಳಲ್ಲಿ ಪ್ರತಿವರ್ಷವೂ ಕೆಲವರು ಪದ್ಯವನ್ನು ರಾಗವಾಗಿ ಹೇಳಬಲ್ಲರು, ಮಗ್ಗಿಯನ್ನು ತಡೆಯಿಲ್ಲದೆ ಒಪ್ಪಿಸಬಲ್ಲರು. ಆದರೆ ಹಿಂದೆ ಕಾಣದ ಒಂದು ಗದ್ಯಭಾಗವನ್ನು ಮುಂದಿಟ್ಟರೆ ಎರಡನೆಯ ಪಂಕ್ತಿಯಲ್ಲಿಯೇ ನಿಂತುಬಿಡುತ್ತಾರೆ. ಏಳು ವರ್ಷ ಶಾಲೆಯಲ್ಲಿ ಕುಳಿತ ಮಗುವಿಗೆ ಓದು ಬಾರದಿರುವುದು ಹೇಗೆ? ಅಂಥವರಿಗೆ ಸಂಧಿ ಸಮಾಸಗಳನ್ನು ಬೋಧಿಸುವುದು ತಳಪಾಯವಿಲ್ಲದ ಗೋಡೆಗೆ ಸುಣ್ಣ ಬಳಿದಂತೆ.

ಈ ಪ್ರಶ್ನೆಗೆ ಉತ್ತರವನ್ನು ಪ್ರೌಢಶಾಲೆಯಲ್ಲಿ ಹುಡುಕಿ ಫಲವಿಲ್ಲವೆಂದು ಮನಗಂಡು, ಬೈರಮಂಗಲದ ಕಡೆಯ ಒಂದು ಪ್ರಾಥಮಿಕ ಶಾಲೆಯ ಅಧ್ಯಾಪಕಿಯವರ ಅನುಮತಿ ಪಡೆದು, ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಕಲಿಯುವ ಕೊಠಡಿಯಲ್ಲಿ ಸೋಮವಾರದಿಂದ ಶನಿವಾರದವರೆಗೆ ಕುಳಿತು ನೋಡಿದೆ. ಅಲ್ಲಿ ಕಂಡದ್ದನ್ನೂ ಕಲಿತದ್ದನ್ನೂ ಸಹೋದ್ಯೋಗಿ ಅಧ್ಯಾಪಕರಿಗೂ, ಹಳೆಯ ವಿದ್ಯಾರ್ಥಿಗಳಿಗೂ, ಸಂಸ್ಥೆಯ ಪೋಷಕರಾದ ದಾನಿಗಳಿಗೂ ಈ ಸಂಚಿಕೆಯ ಮೂಲಕ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಆ ಕೊಠಡಿಯಲ್ಲಿ ನಡೆಯುವುದು 'ನಲಿ-ಕಲಿ' ಪದ್ಧತಿ. ಇದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ಆರಂಭವಾಯಿತು. ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಪ್ರಯೋಗವನ್ನು ಕಣ್ಣಾರೆ ಕಂಡು ಬಂದ ನಮ್ಮ ನಾಡಿನ ಶಿಕ್ಷಕರೇ ಕನ್ನಡಕ್ಕೆ ಹೊಂದುವ ಕಾರ್ಡುಗಳನ್ನು ಸಿದ್ಧಪಡಿಸಿದರೆಂಬುದು ಗಮನಾರ್ಹ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ವಿಸ್ತರಿಸಿತು. ಇಲ್ಲಿ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಗೋಡೆಯ ಮೇಲೆ 'ಕಲಿಕಾ ಏಣಿ'ಯಾಗಿ ತೂಗಿಸಿರುತ್ತಾರೆ. ಮಗು ತಾನು ನಿಂತ ಮೆಟ್ಟಿಲಿನ ಚಿತ್ರವನ್ನು ಗುರುತಿಸಿ, ಅದೇ ಚಿತ್ರವಿರುವ ಕಾರ್ಡನ್ನು ತಾನೇ ತೆಗೆದುಕೊಂಡು, ತನ್ನ ಗುಂಪಿನಲ್ಲಿ ಹೋಗಿ ಕೂರುತ್ತದೆ. ಗುಂಪುಗಳು ಐದು: ಶಿಕ್ಷಕರ ಪೂರ್ಣ ನೆರವು ಬೇಕಾದವರು, ಅಲ್ಪ ನೆರವು ಸಾಕಾದವರು, ಜೊತೆಗಾರರಿಂದ ಪೂರ್ಣ ನೆರವು ಪಡೆಯುವವರು, ಜೊತೆಗಾರರ ಅಲ್ಪ ನೆರವಿನಿಂದ ಮುಂದುವರಿಯುವವರು, ತಾವೇ ಕಲಿಯುವವರು.

ಸೋಮವಾರ: ಐದು ಅಕ್ಷರಗಳು

ಪ್ರಾರ್ಥನೆಯಾದ ಮೇಲೆ ಮಕ್ಕಳು ಹವಾಮಾನ ನಕ್ಷೆಯಲ್ಲಿ ಅಂದಿನ ಮೋಡ, ಬಿಸಿಲುಗಳನ್ನು ಗುರುತಿಸಿದರು. ಬಳಿಕ ಹೊಸದಾಗಿ ಸೇರಿದ ಮಕ್ಕಳಿಗೆ ಅಧ್ಯಾಪಕಿಯವರು ಅಕ್ಷರಾಭ್ಯಾಸ ಮಾಡಿಸತೊಡಗಿದರು. ಮೊದಲ ಅಕ್ಷರಗಳು ಅ, ಆ, ಇ, ಈ ಅಲ್ಲ. ರ, ಗ, ಸ, ದ, ಅ. ನನಗೆ ಇದು ಸೇರಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಅಕ್ಷರವಿಚಾರಕ್ಕೆ ಕೊಟ್ಟ ಸ್ಥಾನವನ್ನು ಬಲ್ಲವರಿಗೆ ವರ್ಣಮಾಲೆಯು ಎಂಥ ಶಾಸ್ತ್ರೀಯ ರಚನೆಯೆಂಬುದು ತಿಳಿದಿದೆ. ಕಂಠದಿಂದ ಹೊರಟು ತಾಲು, ಮೂರ್ಧ, ದಂತಗಳನ್ನು ದಾಟಿ ಓಷ್ಠಕ್ಕೆ ಬರುವ ಆ ಕ್ರಮವನ್ನು ಕಲಸಿಬಿಡುವುದೆ?

ಮಧ್ಯಾಹ್ನದ ಹೊತ್ತಿಗೆ ಕಳೆದ ವಾರಗಳಲ್ಲಿ ಆ ಐದನ್ನು ಕಲಿತಿದ್ದ ಬಾಲಕಿಯೊಬ್ಬಳು ಮಿಂಚುಪಟ್ಟಿಗಳನ್ನು ಒಂದೊಂದಾಗಿ ಎತ್ತಿ ಓದಿದಳು: ಸರ, ರಸ, ದರ, ಅರಸ, ಅಗಸ, ದಸರ, ಗರಗಸ. ಐದೇ ಅಕ್ಷರ, ಏಳು ಪದ, ಏಳೂ ಅವಳಿಗೆ ಅರ್ಥವಾಗುವ ಪದ. ನಾನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆ. ಸಾಂಪ್ರದಾಯಿಕ ಕ್ರಮದಲ್ಲಿ ಸ್ವರಗಳಷ್ಟನ್ನೇ ಮೊದಲು ಕಲಿತ ಮಗು ಆ, ಈ ಎಂಬ ನಿರ್ದೇಶಕಗಳನ್ನೂ ಓ, ಏ ಎಂಬ ಸಂಬೋಧನೆಗಳನ್ನೂ ಬಿಟ್ಟರೆ ಓದಲು ಪದವನ್ನೇ ಕಾಣದು. ವರ್ಣಮಾಲೆಯು ಧ್ವನಿಯ ಶಾಸ್ತ್ರ. ಮಾತನ್ನು ಬಲ್ಲವನಿಗೆ ಮಾತಿನ ಮರ್ಮವನ್ನು ತೋರುವಂಥದು. ಈ ಐದು ಅಕ್ಷರಗಳ ಕ್ರಮವಾದರೋ ಕೈಗೂ ಕಣ್ಣಿಗೂ ಅನುಕೂಲವಾದ ಓದಿನ ದಾರಿ. ಎರಡಕ್ಕೂ ಅದರದರ ಕಾಲವಿದೆ. ಓದು ಕೂಡಿದ ಮೇಲೆ ವರ್ಣಮಾಲೆಯನ್ನು ಕ್ರಮವಾಗಿ ಕಲಿಸಿದರೆ ಕೇಶಿರಾಜನಿಗೆ ಯಾವ ಲೋಪವೂ ಆಗದು.

ಮಂಗಳವಾರ: ಅಡಗಿ ಕುಳಿತ ಹತ್ತು

ಗಣಿತದ ದಿನ. ನೆಲದ ಮೇಲೆ ಸೀಮೆಸುಣ್ಣದಿಂದ ಇಪ್ಪತ್ತೈದು ಮನೆಗಳ ಚೌಕಾಬಾರ ಬರೆದರು. ಒಂದು ಮಗ್ಗುಲು ತೇದ ನಾಲ್ಕು ಹುಣಸೆ ಬೀಜಗಳೇ ಕವಡೆ. ನಾಲ್ಕೂ ಬೆಳ್ಳಗೆ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪಗೆ ಬಿದ್ದರೆ ಎಂಟು. ಬಿದ್ದಷ್ಟು ಗರಕ್ಕೆ ಅಷ್ಟು ಕಡ್ಡಿ. ಹತ್ತು ಕಡ್ಡಿಯಾದೊಡನೆ ಒಂದು ಕಟ್ಟು. ಆಟ ಮುಗಿದಾಗ ಎಷ್ಟು ಕಟ್ಟು, ಎಷ್ಟು ಬಿಡಿ ಎಂದು ಬರೆಯಬೇಕು.

ಮೂರನೆಯ ತರಗತಿಯ ಒಬ್ಬನು ನೂರೈದನ್ನು 1005 ಎಂದು ಬರೆದನು. ಅಧ್ಯಾಪಕಿಯವರು ಗದರಲಿಲ್ಲ. 'ನೂರು ಬರೆದೆ, ಅದರ ಪಕ್ಕ ಐದು ಬರೆದೆ, ಸರಿ. ಈಗ ಕಡ್ಡಿ ಇಟ್ಟು ತೋರಿಸು' ಎಂದರು. ಹತ್ತು ಕಟ್ಟುಗಳನ್ನು ಕೂಡಿಸಿ ಒಂದು ದೊಡ್ಡ ಕಟ್ಟು ಮಾಡಿ, ಪಕ್ಕದಲ್ಲಿ ಐದು ಬಿಡಿ ಕಡ್ಡಿ ಇಟ್ಟಾಗ ನಡುವಿನ ಹತ್ತರ ಸ್ಥಾನ ಖಾಲಿಯಿರುವುದು ಅವನಿಗೇ ಕಂಡಿತು. ಮಗುವಿನ ತಪ್ಪಿಗೂ ಒಂದು ತರ್ಕವಿರುತ್ತದೆ. ಆ ತರ್ಕವನ್ನು ಹಿಡಿದರೆ ತಿದ್ದುವುದು ಸುಲಭ.

ಇಲ್ಲಿ ಭಾಷೆಯ ಪಂಡಿತನಿಗೂ ಒಂದು ಕೆಲಸ ದೊರೆಯಿತು. ಹಳಗನ್ನಡದಲ್ಲಿ ಹತ್ತಕ್ಕೆ 'ಪತ್ತು' ಎಂಬ ರೂಪವಿದೆ. ಆ ಪತ್ತು ನಮ್ಮ ಸಂಖ್ಯಾವಾಚಕಗಳಲ್ಲಿ ಇಂದಿಗೂ ಅಡಗಿ ಕುಳಿತಿದೆ: ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು. ಐವತ್ತು ಎಂದರೆ ಐದು ಹತ್ತು. ಇದನ್ನು ಹೇಳಿ ಐದು ಕಟ್ಟುಗಳನ್ನು ಮುಂದಿಟ್ಟಾಗ ಮಕ್ಕಳು ಉಳಿದವನ್ನು ತಾವೇ ಬಿಡಿಸಿ ಹೇಳಿದರು. ವ್ಯುತ್ಪತ್ತಿಯು ಗಣಿತಕ್ಕೆ ಊರುಗೋಲಾಗಬಲ್ಲದೆಂದು ನಾನು ಅದುವರೆಗೆ ಎಣಿಸಿರಲಿಲ್ಲ.

ಬುಧವಾರ: ಹುಳು ಸಾಕುವ ಮನೆಯ ಹುಡುಗ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಅರಿಯದವರಿಲ್ಲ. ಅದಕ್ಕೆ ಗೂಡು ಒದಗಿಸುವ ಮನೆಗಳ ಮಕ್ಕಳು ಈ ಶಾಲೆಗಳಲ್ಲಿದ್ದಾರೆ. ಪರಿಸರ ಪಾಠಕ್ಕಾಗಿ ಅಧ್ಯಾಪಕಿಯವರು ಹಿಪ್ಪುನೇರಳೆಯ ಒಂದು ರೆಂಬೆಯನ್ನು ಮೇಜಿನ ಮೇಲಿಟ್ಟು 'ಇದನ್ನು ಯಾರು ಬಲ್ಲಿರಿ?' ಎಂದರು. ಎರಡು ದಿನ ಗೋಡೆಗೆ ಒರಗಿ ಬಾಯಿ ಬಿಡದೆ ಕುಳಿತಿದ್ದ, ಮೂರನೆಯ ತರಗತಿಯವನಾದರೂ ಎಳೆಯರ ಗುಂಪಿನಲ್ಲಿಯೇ ಉಳಿದಿದ್ದ ಒಬ್ಬ ಬಾಲಕ ಎದ್ದು ನಿಂತನು. ಹುಳು ನಾಲ್ಕು ಸಲ ಜ್ವರಕ್ಕೆ ಕೂರುವುದು, ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವುದೆಂದು, ಕೊನೆಯ ಜ್ವರ ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದೆಂದು, ಹಣ್ಣಾದ ಹುಳುವನ್ನು ಚಂದ್ರಂಕಿಗೆ ಬಿಡುವ ಬಗೆಯನ್ನು, ಎಲ್ಲವನ್ನೂ ಹೇಳಿದನು. ಕೊಠಡಿಯಲ್ಲಿ ಅಷ್ಟನ್ನು ಬಲ್ಲವರು ನಮ್ಮಿಬ್ಬರನ್ನೂ ಸೇರಿಸಿ ಬೇರೆ ಯಾರೂ ಇರಲಿಲ್ಲ.

ಅಧ್ಯಾಪಕಿಯವರು ಅವನ ಮಾತನ್ನು ಅವನ ನುಡಿಯಲ್ಲಿಯೇ ಕಪ್ಪುಹಲಗೆಯ ಮೇಲೆ ಬರೆದರು: 'ನಮ್ಮನೇಲಿ ಹುಳ ಸಾಕ್ತೀವಿ. ಹುಳ ನಾಲ್ಕು ಸಲ ಜ್ವರಕ್ಕೆ ಕೂರ್ತದೆ. ಆಗ ಸೊಪ್ಪು ಹಾಕಬಾರದು.' ಗ್ರಾಮ್ಯವನ್ನು ಹಲಗೆಯ ಮೇಲೆ ಬರೆಯುವುದು ಸರಿಯೆ ಎಂದು ನಾನು ಮೆಲ್ಲನೆ ಕೇಳಿದೆ. 'ಮೊದಲು ಅವನ ಮಾತು ಅವನಿಗೆ ಓದೋಕೆ ಬರಲಿ, ಪಂಡಿತರೆ. ಪುಸ್ತಕದ ಮಾತು ಆಮೇಲೆ ಬರುತ್ತೆ' ಎಂದರು. ಬಾಲಕನು ಆ ಮೂರು ವಾಕ್ಯಗಳನ್ನು ಬೆರಳಿಟ್ಟು ಓದಿದನು. ಸಹಪಾಠಿಗಳು ಚಪ್ಪಾಳೆ ತಟ್ಟಿದರು. ಚಟುವಟಿಕೆಯ ವರದಿಯನ್ನು ಅಲ್ಲಿಗೇ ಮುಗಿಸಬಹುದಾಗಿತ್ತು.

ಗುರುವಾರ: ಓದೋ, ನೆನಪೋ?

ಆದರೆ ಅವರು ಮುಗಿಸಲಿಲ್ಲ. ಮರುದಿನ ಅವೇ ವಾಕ್ಯಗಳನ್ನು ಪದಪದವಾಗಿ ಕತ್ತರಿಸಿದ ಚೀಟಿಗಳನ್ನು ಕಲಸಿ ಅವನ ಮುಂದಿಟ್ಟರು. ಹುಳ, ಸಲ, ಆಗ ಎಂಬುವನ್ನು ಓದಿದನು. ಸೊಪ್ಪು ಎಂಬುದನ್ನೂ ಓದಿದನು. ಜ್ವರವು 'ಜವರ' ಆಯಿತು; ನಾಲ್ಕು 'ನಾಲಕು' ಆಯಿತು; 'ಕೂರ್ತದೆ' ಎಂಬುದು 'ಕೂತ್ರದೆ' ಆಯಿತು. ಹಿಂದಿನ ದಿನ ಚಪ್ಪಾಳೆ ಗಿಟ್ಟಿಸಿದ್ದರಲ್ಲಿ ಅರ್ಧ ಓದು, ಅರ್ಧ ನೆನಪು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ವೃತ್ತಿಗೆ ಸೇರಿದ ಹೊಸತರಲ್ಲಿ, ಬೇರೊಂದು ಊರಿನ ಶಾಲೆಯಲ್ಲಿ, ನನ್ನ ತರಗತಿಯಲ್ಲಿ ಪಾಠವನ್ನು ಸ್ಫುಟವಾಗಿ ಓದುತ್ತಿದ್ದ ಬಾಲಕನೊಬ್ಬನಿದ್ದನು. ಒಮ್ಮೆ ಗಾಳಿಗೆ ಪುಟ ಮಗುಚಿತು. ಅವನು ಅದನ್ನು ಗಮನಿಸದೆ ಹಿಂದಿನ ಪುಟವನ್ನೇ ಹೇಳುತ್ತ ಹೋದನು. ಅವನು ಓದುತ್ತಿರಲಿಲ್ಲ, ಇತರರು ಓದುವುದನ್ನು ಕೇಳಿ ನೆನಪಿಟ್ಟುಕೊಂಡು ಒಪ್ಪಿಸುತ್ತಿದ್ದನು. ಮೋಸ ಹೋದೆನೆಂದು ಸಿಟ್ಟುಗೊಂಡು ಎಲ್ಲರೆದುರು ಅವನನ್ನು ಹೀಯಾಳಿಸಿದೆ. ಕೆಲದಿನಗಳಲ್ಲಿ ಅವನು ಶಾಲೆಗೆ ಬರುವುದನ್ನು ಬಿಟ್ಟನು. ಅಷ್ಟು ನೆನಪಿನ ಶಕ್ತಿಯುಳ್ಳ ಹುಡುಗನಿಗೆ ಓದು ಕಲಿಸುವುದು ಕಷ್ಟವಾಗಿರಲಿಲ್ಲ. ಅವನು ಎಲ್ಲಿ ಎಡವಿದ್ದಾನೆಂದು ನಾನು ನೋಡಲಿಲ್ಲ, ಅಷ್ಟೆ. ಈ ಅಧ್ಯಾಪಕಿಯವರು ನಾಲ್ಕು ಚೀಟಿಗಳಿಂದ ಕಂಡುಕೊಂಡದ್ದನ್ನು ವಿದ್ವತ್ ಪರೀಕ್ಷೆಯಲ್ಲಿ ಉತ್ತೀರ್ಣನಾಗಿದ್ದ ನಾನು ಕಾಣದೆ ಹೋದೆ.

ಚೀಟಿಗಳು ತೋರಿದ ರೋಗನಿದಾನವಿಷ್ಟು: ಬಾಲಕನಿಗೆ ಮೂಲಾಕ್ಷರ ಬರುತ್ತದೆ, ಕಾಗುಣಿತ ಬರುತ್ತದೆ, ಸಜಾತೀಯ ಒತ್ತಕ್ಷರವೂ ಬರುತ್ತದೆ; ವಿಜಾತೀಯ ಒತ್ತು ಬಾರದು; ಅರ್ಕಾವತ್ತು ತಿರುವುಮುರುವಾಗುತ್ತದೆ. ಬರೆಯುವಾಗ ಹಿಂದೆ, ಉಚ್ಚರಿಸುವಾಗ ಮುಂದೆ ಬರುವ ಅರ್ಕಾವತ್ತು ಕನ್ನಡ ಲಿಪಿಯಲ್ಲಿ ಮಕ್ಕಳಿಗೆ ಕಗ್ಗಂಟು. ಅದಕ್ಕೆ ಉದಾಹರಣೆ ಬೇಕೆಂದು ಅಧ್ಯಾಪಕಿಯವರು ನನ್ನನ್ನು ಕೇಳಿದರು. ಧರ್ಮ, ಕರ್ಮ ಎನ್ನಲು ಬಾಯಿ ತೆರೆದವನು ತಡೆದು, ಊರಿನ ನೀರನ್ನು ನೆನೆದೆ. ಬೈರಮಂಗಲದ ಕೆರೆಗೆ ಬರುವ ಹೊಳೆ ವೃಷಭಾವತಿ. ಅದು ಮುಂದೆ ಕನಕಪುರದ ಕಡೆಗೆ ಹರಿದು ಕೂಡುವುದು ಅರ್ಕಾವತಿಯನ್ನು. ಒಂದರಲ್ಲಿ ವಟ್ರಸುಳಿ, ಇನ್ನೊಂದರಲ್ಲಿ ಅರ್ಕಾವತ್ತು. ಎರಡು ಹೊಳೆಗಳ ಹೆಸರಿನಲ್ಲಿಯೇ ಎರಡು ಕಗ್ಗಂಟುಗಳು. ಜೊತೆಗೆ ಬಸ್ಸಿನ ಫಲಕಗಳನ್ನು ಬರೆದೆವು: ಕನಕಪುರದಲ್ಲಿ ಒಂದೇ ಕೊಂಬು, ಬಿಡದಿಯಲ್ಲಿ ಎರಡು ಗುಡಿಸು, ಬೈರಮಂಗಲದಲ್ಲಿ ಐತ್ವ ಮತ್ತು ಸೊನ್ನೆ, ಚನ್ನಪಟ್ಟಣದಲ್ಲಿ ಎರಡು ಸಜಾತೀಯ ಒತ್ತು. ಊರುಗಳ ಹೆಸರೇ ಏರುಕ್ರಮದ ಪಾಠವಾಯಿತು.

ಶುಕ್ರವಾರ: ಕೆರೆಯ ಏರಿಯ ಮೇಲೆ

ಹಿಂದಿನ ದಿನ ಅಕ್ಷರದಲ್ಲಿ ಕಂಡ ಹೊಳೆಯನ್ನು ಕಣ್ಣಿನಲ್ಲಿ ಕಾಣಲು ಮಕ್ಕಳನ್ನು ಕೆರೆಯ ಕಡೆಗೆ ಕರೆದೊಯ್ದರು. ನೀರಿನ ಬಳಿಗೆ ಯಾರೂ ಇಳಿಯಬಾರದೆಂದು ಮೊದಲೇ ಕಟ್ಟಪ್ಪಣೆ. ಬೆಂಗಳೂರಿನ ಬಸವನಗುಡಿಯಲ್ಲಿ ನಂದಿಯ ಪಾದದಡಿ ಹುಟ್ಟಿತೆಂಬ ಐತಿಹ್ಯವುಳ್ಳ ವೃಷಭಾವತಿ, ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ನೊರೆಗಟ್ಟಿ ಬರುತ್ತಿರುವುದು ಎಲ್ಲರಿಗೂ ತಿಳಿದ ದುಃಖದ ಸಂಗತಿ. ಪಠ್ಯಪುಸ್ತಕದ ಚಿತ್ರದಲ್ಲಿ ಹೊಳೆ ನೀಲಿಯಾಗಿದೆ; ಎದುರಿಗಿರುವ ಹೊಳೆ ನೀಲಿಯಲ್ಲ. ಅಧ್ಯಾಪಕಿಯವರು ಅದನ್ನು ಮರೆಮಾಚಲಿಲ್ಲ.

ಮನೆಯ ಹಿರಿಯರನ್ನು ಈ ನೀರಿನ ವಿಷಯವಾಗಿ ಕೇಳಿ ಒಂದೊಂದು ವಾಕ್ಯ ತರಬೇಕೆಂದು ಅವರು ಹಿಂದಿನ ದಿನವೇ ಹೇಳಿದ್ದರು. ಅಜ್ಜಿ ಇಲ್ಲಿ ಬಟ್ಟೆ ಒಗೆಯುತ್ತಿದ್ದಳು, ತಾತ ಎತ್ತಿನ ಮೈ ತೊಳೆಯುತ್ತಿದ್ದನು ಎಂದು ಮಕ್ಕಳು ಹೇಳಿದರು. 'ಮಿಸ್, ಈ ನೀರನ್ನ ಹೀಗೆ ಮಾಡಿದೋರು ಯಾರು?' ಎಂದು ಏಳು ವರ್ಷದ ಬಾಲಕಿಯೊಬ್ಬಳು ಕೇಳಿದಳು. ಉತ್ತರವನ್ನು ಅವರು ಹೇಳಿಕೊಡಲಿಲ್ಲ. ತರಗತಿಗೆ ಮರಳಿ ನೆಲದ ಮೇಲೆ ಹೊಳೆಯ ನಕ್ಷೆಯನ್ನು ಬರೆಸಿ, ಬೆಂಗಳೂರು, ಕೆಂಗೇರಿ, ಬಿಡದಿ ಎಂದು ಒಂದೊಂದೇ ಊರನ್ನು ಗುರುತಿಸುತ್ತ ಯಾವ ಊರಿನಲ್ಲಿ ಏನು ಸೇರಬಹುದೆಂದು ಮಕ್ಕಳಿಂದಲೇ ಹೇಳಿಸಿದರು. ಪ್ರಶ್ನೆಯನ್ನು ಉಳಿಸಿಕೊಂಡ ಮಗು ಮುಂದೆ ಉತ್ತರವನ್ನು ಹುಡುಕೀತು.

ಶನಿವಾರ: ಲೆಕ್ಕದ ಪುಸ್ತಕ

ಅರ್ಧದಿನದ ಶಾಲೆ. ಹೊಸ ಪಾಠವಿಲ್ಲ. ಅಧ್ಯಾಪಕಿಯವರು ಪ್ರತಿಯೊಂದು ಮಗುವನ್ನೂ ಹತ್ತಿರ ಕರೆದು ಹಿಂದೆ ತೋರಿಸದ ಚೀಟಿಗಳನ್ನು ಓದಿಸಿ, ಒಂದು ನೋಟುಪುಸ್ತಕದಲ್ಲಿ ಗುರುತು ಹಾಕಿಕೊಂಡರು. ನಮ್ಮ ಹುಳು ಸಾಕುವ ಮನೆಯ ಬಾಲಕನು ಜ್ವರವನ್ನು ಜ್ವರವೆಂದೇ ಓದಿದನು. ನಾಲ್ಕು ಎಂಬಲ್ಲಿ ಕ್ಷಣಕಾಲ ನಿಂತು ಸರಿಪಡಿಸಿಕೊಂಡನು. 'ವರ್ಷ' ಎಂಬ ಕಾಣದ ಪದವನ್ನು ಒಂದೇ ಸಲಕ್ಕೆ ಓದಿದನು. ವೃಷಭಾವತಿ ಮಾತ್ರ ಇನ್ನೂ ಒಲಿದಿಲ್ಲ. ಒಂದು ವಾರಕ್ಕೆ ಇಷ್ಟು. ಅವನ ಹೆಸರಿನ ಮುಂದೆ 'ಸೋಮವಾರ: ವಟ್ರಸುಳಿ' ಎಂದು ಬರೆದುಕೊಂಡರು. ಆ ವಾರದ ಎಲ್ಲ ಚಟುವಟಿಕೆಗಳ ಸಾರ ನನಗೆ ಆ ಎರಡು ಪದಗಳಲ್ಲಿ ಕಂಡಿತು.

ಹಳೆಯದು, ಹೊಸದು

ಇದೆಲ್ಲ ಹೊರಗಿನಿಂದ ಬಂದ ಹೊಸ ಹುಚ್ಚೆಂದು ಹಿರಿಯರು ಕೆಲವರು ಭಾವಿಸುವುದುಂಟು. ನಮ್ಮ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಪ್ರತಿಯೊಬ್ಬನೂ ತನ್ನ ಗತಿಯಲ್ಲಿ ಮುಂದುವರಿಯುತ್ತಿದ್ದನು. ಮದರಾಸಿನ ಅನಾಥ ಬಾಲಕರ ಆಶ್ರಮದ ಮೇಲ್ವಿಚಾರಕನಾಗಿದ್ದ ಡಾ. ಆಂಡ್ರ್ಯೂ ಬೆಲ್ ಎಂಬಾತನು ಮರಳಿನ ಮೇಲೆ ಬರೆದು ಕಲಿಯುವ ಈ ನಾಡಿನ ಕ್ರಮವನ್ನು ಕಂಡು, ತನ್ನ ಶಾಲೆಯಲ್ಲಿ ಅದನ್ನೂ ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಕ್ರಮವನ್ನೂ ರೂಢಿಗೆ ತಂದು, 1797ರಲ್ಲಿ ಲಂಡನ್ನಿನಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದನು. ಆ ಪದ್ಧತಿ ಬಳಿಕ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹರಡಿತು. ಜೊತೆಗಾರರ ನೆರವಿನ ಗುಂಪು ನಮಗೆ ಹೊಸತಲ್ಲ; ನಾವು ಮರೆತದ್ದು.

ಹಾಗೆಂದು ಪದ್ಧತಿಯೊಂದೇ ಎಲ್ಲವನ್ನೂ ನಡೆಸುವುದಿಲ್ಲ. ಕಾರ್ಡು ಹರಿದರೆ ಏಣಿಯ ಮೆಟ್ಟಿಲು ಮುರಿದಂತೆ. ಮೂರು ತರಗತಿಗಳಿಗೆ ಒಬ್ಬರೇ ಇದ್ದು, ಅವರನ್ನು ಬೇರೆ ಕೆಲಸಗಳಿಗೆ ಕರೆದರೆ ಐದು ಗುಂಪುಗಳು ಐದು ಗದ್ದಲಗಳಾಗುತ್ತವೆ. ಮೂರನೆಯ ತರಗತಿಯವರೆಗೆ ತನ್ನ ಮೆಟ್ಟಿಲಿನಲ್ಲಿ ನಿಂತು ಕಲಿತ ಮಗು ನಾಲ್ಕನೆಯ ತರಗತಿಗೆ ಬಂದೊಡನೆ ಎಲ್ಲರಿಗೂ ಒಂದೇ ಪುಟವೆಂಬ ಪಠ್ಯಪುಸ್ತಕವನ್ನು ಎದುರಿಸುತ್ತದೆ. ವಟ್ರಸುಳಿ ಬಾರದ ಮಗುವನ್ನು ಅಲ್ಲಿ ಕಾಯುವವರಿಲ್ಲ.

ಇನ್ನೊಂದು ಸಂಗತಿಯನ್ನು ಪ್ರೌಢಶಾಲೆಗಳವರು ವಿಶೇಷವಾಗಿ ಗಮನಿಸಬೇಕು. ಮಹಾಮಾರಿಯ ಕಾರಣದಿಂದ 2020ರ ಮಾರ್ಚಿಯಲ್ಲಿ ಮುಚ್ಚಿದ ಶಾಲೆಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮರಳಿ ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ನಷ್ಟವನ್ನು ತುಂಬಲು ಸರ್ಕಾರವು 2022-23ರಲ್ಲಿ 'ಕಲಿಕಾ ಚೇತರಿಕೆ' ಎಂಬ ಕಾರ್ಯಕ್ರಮವನ್ನು ನಡೆಸಿತು. 2020-21ರಲ್ಲಿ ಒಂದನೆಯ ತರಗತಿಗೆ ದಾಖಲಾದ ಮಕ್ಕಳು ಎಂಟನೆಯ ತರಗತಿಯನ್ನು ತಲುಪುವ ವರ್ಷ 2027-28. ಅಕ್ಷರಾಭ್ಯಾಸದ ವರ್ಷದಲ್ಲಿ ಶಾಲೆಯನ್ನೇ ಕಾಣದವರು ಅವರು. ಎಂಟನೆಯ ತರಗತಿಯ ಮೊದಲ ವಾರದಲ್ಲಿ ಪಾಠಕ್ಕೆ ತೊಡಗುವ ಮುನ್ನ ಪ್ರತಿಯೊಬ್ಬರಿಂದಲೂ ಕಾಣದ ಪುಟವೊಂದನ್ನು, ಒಬ್ಬೊಬ್ಬರನ್ನೇ ಕರೆದು, ಓದಿಸಿ ನೋಡುವುದು ನಮ್ಮ ಕರ್ತವ್ಯ. ನಮ್ಮ ಶಾಲೆಯಲ್ಲಿ ಕನ್ನಡ ವಿಭಾಗವು ಈ ನಿಯಮವನ್ನು ಕೈಗೊಳ್ಳಬೇಕೆಂದು ಸಹೋದ್ಯೋಗಿಗಳಲ್ಲಿ ವಿನಂತಿಸಿದ್ದೇನೆ; ಮೊದಲ ಚೀಟಿಗಳನ್ನು ನಾನೇ ಬರೆಯುತ್ತೇನೆ.

ಕೊನೆಯದಾಗಿ ದಾನಿಗಳಲ್ಲಿ ಒಂದು ಮಾತು. ಕೊಠಡಿ ಕಟ್ಟಿಸಿ ಶಿಲಾಫಲಕ ನಿಲ್ಲಿಸುವುದು ಸತ್ಕಾರ್ಯವೇ ಸರಿ. ನಮ್ಮ ಸಂಸ್ಥೆ ಅಂಥ ಪುಣ್ಯವಂತರಿಂದಲೇ ಬೆಳೆದಿದೆ. ಆದರೆ ಆ ವಾರ ನಾನು ಕಂಡ ಸಾಮಗ್ರಿಯೆಂದರೆ ಹುಣಸೆ ಬೀಜ, ಕಡ್ಡಿಯ ಕಟ್ಟು, ಹಿಪ್ಪುನೇರಳೆಯ ರೆಂಬೆ, ಕತ್ತರಿಸಿದ ಚೀಟಿ. ಇವಕ್ಕೆ ಹಣ ಬೇಡ. ಬೇಕಾದುದು ಹರಿದ ಕಾರ್ಡುಗಳ ಬದಲಿಗೆ ಹೊಸವು, ದೊಡ್ಡ ಅಕ್ಷರದ ಕಥೆ ಪುಸ್ತಕಗಳು, ಮತ್ತು ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಹಿಂದುಳಿದ ಮಕ್ಕಳೊಡನೆ ಕುಳಿತುಕೊಳ್ಳುವ ಒಬ್ಬರ ಸಂಭಾವನೆ. ಊರಿನಲ್ಲಿಯೇ ಇರುವ ಹಳೆಯ ವಿದ್ಯಾರ್ಥಿಗಳು ಆ ಒಂದು ಗಂಟೆಯನ್ನು ಕೊಡಲು ಮುಂದೆ ಬಂದರೆ ಸಂಭಾವನೆಯೂ ಬೇಕಾಗದು. ಈ ದಾನಕ್ಕೆ ಶಿಲಾಫಲಕವಿರುವುದಿಲ್ಲ. ಒಬ್ಬ ಬಾಲಕನು ಬಸ್ಸಿನ ಫಲಕವನ್ನು ತಾನೇ ಓದಿಕೊಂಡು ಹತ್ತುವುದೇ ಅದರ ಗುರುತು.

ಅನ್ನವಿಕ್ಕುವಾಗ ಪಂಕ್ತಿಯ ಕೊನೆಯ ಎಲೆಯವರೆಗೂ ನಡೆದು ಹೋಗಿ ಬಡಿಸುವ ಪರಿಪಾಠ ನಮ್ಮದು. ಅಕ್ಷರವನ್ನು ಬಡಿಸುವಾಗಲೂ ಹಾಗೆಯೇ ನಡೆಯೋಣ. ಗೋಡೆಗೆ ಒರಗಿ ಕುಳಿತ ಮಗುವಿನ ಎಲೆ ಬರಿದಾಗಿ ಉಳಿಯದಿರಲಿ.